ವಲ್ಲಿಯ ಕೆಳಗೆ ಹೇಳದೆ ಬಿಟ್ಟ ಮಾತು

ನಮ್ಮ ಮನೆಯಲ್ಲಿ ಅಪ್ಪನ ಎಡಗಡೆಗೆ ಯಾರೂ ಕೂರುತ್ತಿರಲಿಲ್ಲ. ಊಟದ ಹೊತ್ತಿಗೆ ಅವರ ಎಡಕ್ಕೆ ಗೋಡೆ, ಬಲಕ್ಕೆ ನಾನು, ಎದುರಿಗೆ ನನ್ನ ಅಕ್ಕ ಗಂಗಾ, ಒಲೆಯ ಹತ್ತಿರ ಅವ್ವ. ಖಡಕಿಯ ಮದ್ದುಗುಂಡಿನ ಕಾರಖಾನೆಯ ಹಿಂದಿದ್ದ ಚಾಳಿನಲ್ಲಿ ನಮ್ಮದು ಒಂದೂವರೆ ಖೋಲಿ. ಗೋಡೆ ಎಂದರೆ ಹೆಸರಿಗೆ ಗೋಡೆ. ಆಚೆ ಖೋಲಿಯ ಸಕೂಕಾಕು ಒಗ್ಗರಣೆಗೆ ಸಾಸಿವೆ ಹಾಕಿದರೆ ಈಚೆ ನಮಗೆ ಚಟಪಟ ಕೇಳಿಸುತ್ತಿತ್ತು. ಅದೇ ಗೋಡೆಗೆ ಆತು ಕೂತ ಅಪ್ಪನಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ನಾಲ್ಕರಲ್ಲಿ ಒಂದು ಮಾತು ದಕ್ಕುತ್ತಿತ್ತು. ಇದು ಹೊರಗಿನವರಿಗೆ ಗೊತ್ತಾಗಬಾರದು ಎಂಬುದು ನಮ್ಮ ಮನೆಯ ಮೊದಲ ಕಾನೂನು. ಎರಡನೆಯದು, ಅಪ್ಪನಿಗೆ ಕೇಳಿಸಲೆಂದು ಯಾರೂ ಕೂಗಬಾರದು. ಕೂಗಿದರೆ ಇಡೀ ಚಾಳಿಗೆ ಗುಟ್ಟು ರಟ್ಟಾಗುತ್ತಿತ್ತಲ್ಲ.

ಅಪ್ಪ ದೊಡ್ಡ ಯುದ್ಧಕ್ಕೆ ಹೋಗಿ ಬಂದವರು. ಮುಂಬಯಿಯಿಂದ ಆಗಬೋಟು ಹತ್ತಿ ಬಸ್ರಾದಲ್ಲಿ ಇಳಿದು, ತೋಪಿನ ಬಿಡಿಭಾಗ ಹೊರುವ ಹೇಸರಗತ್ತೆಗಳನ್ನು ನದಿಯ ದಂಡೆಗುಂಟ ನಡೆಸಿಕೊಂಡು ಹೋಗುವ ಕೆಲಸ. ತೋಪು ಹಾರುವಾಗ ಹೇಸರಗತ್ತೆ ಬೆದರಿ ಓಡಬಾರದೆಂದು ಅದರ ಎರಡೂ ಕಿವಿಗಳನ್ನು ತಮ್ಮ ಎರಡೂ ಕೈಗಳಿಂದ ಬಿಗಿಯಾಗಿ ಮುಚ್ಚಿ ಹಿಡಿಯುತ್ತಿದ್ದರಂತೆ. ತಮ್ಮ ಕಿವಿ ಮುಚ್ಚಿಕೊಳ್ಳಲು ಕೈ ಉಳಿಯಲಿಲ್ಲ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು:

"ಹೇಸರಗತ್ತಿ ಕಿವಿ ಸರಕಾರದ ಮಾಲು. ಅದನ್ನ ಉಳಿಸೀನಿ. ನನ್ನ ಕಿವಿ ನನ್ನ ಸ್ವಂತದ್ದು, ಹೋದ್ರ ಹೋಗ್ಲಿ."

ನಗದೆ ಹೇಳುತ್ತಿದ್ದ ಮಾತು ಇನ್ನೊಂದಿತ್ತು. ಅಪ್ಪ ಬಸ್ರಾದಲ್ಲಿದ್ದಾಗ ಊರಲ್ಲಿ ಅವರ ತಾಯಿ ತೀರಿಕೊಂಡಳು. ಗಂಗಕ್ಕನ ಮೇಲಿನ ಒಂದು ಗಂಡು ಕೂಸೂ ತೀರಿಕೊಂಡಿತು. ಎರಡೂ ಸುದ್ದಿ ಒಂದೇ ಕಾಗದದಲ್ಲಿ, ತಿಂಗಳುಗಟ್ಟಲೆ ತಡವಾಗಿ ಮುಟ್ಟಿದವು. ಕಾಗದ ಮುಟ್ಟುವ ಹಿಂದಿನ ವಾರವೇ ಆ ಕೂಸಿಗೆಂದು ಅಪ್ಪ ಖರ್ಜೂರ ಕೊಂಡು ಚೀಲಕ್ಕೆ ತುಂಬಿಟ್ಟಿದ್ದರು. ತಿರುಗಿ ಬಂದ ಮೇಲೆ ಮಕ್ಕಳನ್ನು ಕಣ್ಣಳತೆಯಿಂದ ಆಚೆ ಬಿಟ್ಟವರೇ ಅಲ್ಲ. ರವಿವಾರ ನಮ್ಮಿಬ್ಬರ ತಲೆ ತಾವೇ ಬಾಚುತ್ತಿದ್ದರು. ನೀರು ಎರಡು ಸಲ ಕುದಿಯದೆ ಯಾರೂ ಕುಡಿಯುವಂತಿರಲಿಲ್ಲ. ನಾವು ರೊಟ್ಟಿ ಮುರಿದು ಝುಣಕದಲ್ಲಿ ಅದ್ದಿ ಬಾಯಿಗೆ ಹಾಕುವುದನ್ನು ಒಬ್ಬೊಬ್ಬರಾಗಿ ನೋಡಿದ ಮೇಲೆಯೇ ತಮ್ಮ ತಾಟಿಗೆ ಕೈ ಹಾಕುವರು. ಗಂಗಕ್ಕನಿಗೆ ವರ ನೋಡುವ ಮಾತು ಬಂದಾಗ ಅವರದು ಒಂದೇ ಷರತ್ತು:

"ಬೆಳಿಗ್ಗೆ ಹೊಂಟ್ರ ಮಗಳ ಮುಖಾ ನೋಡಿ ಸಂಜಿಗೆ ತಿರುಗಿ ಬರಬೇಕು. ಅಷ್ಟು ದೂರ. ಅದಕ್ಕಿಂತ ಆಚೆ ಅರಸನ ಮನಿ ಇದ್ರೂ ಕೊಡಂಗಿಲ್ಲ."

ಗುಟ್ಟು ಯಾಕೆ ಎಂದು ಕೇಳಬಹುದು. ಅಪ್ಪನ ಕೆಲಸ ಕಾರಖಾನೆಯ ಪೆಟ್ಟಿಗೆಗಳ ಮೇಲೆ ಇಂಗ್ಲಿಷ್ ಅಕ್ಷರ ಹೊಡೆಯುವುದು. ಅಕ್ಷರ ಕೊರೆದ ತಗಡಿನ ಅಚ್ಚನ್ನು ಹಲಗೆಯ ಮೇಲಿಟ್ಟು ಬಣ್ಣ ಸವರುವುದು. ಅದಕ್ಕೆ ಕಿವಿ ಬೇಕಿಲ್ಲ. ಆದರೆ ಮದ್ದಿನ ಜಾಗದಲ್ಲಿ ಅಪಾಯದ ಭೋಂಗಾ ಕೇಳದವನನ್ನು ಇಟ್ಟುಕೊಳ್ಳುವುದಿಲ್ಲ ಎಂಬ ಹೆದರಿಕೆ ಅವ್ವನಿಗೆ. ನೌಕರಿ ಹೋದರೆ ಖೋಲಿಯೂ ಹೋಗುತ್ತದೆ. ಮೇಲಾಗಿ ಕಿವುಡನ ಹೆಣ್ಣುಮಕ್ಕಳನ್ನು ಯಾರು ತೆಗೆದುಕೊಳ್ಳುತ್ತಾರೆ? ತೋಪಿನಿಂದ ಹೋದ ಕಿವಿ, ರಕ್ತದಲ್ಲಿ ಬಂದದ್ದಲ್ಲ ಎಂದು ಎಷ್ಟು ಮನೆಗೆ ಹೋಗಿ ಹೇಳುತ್ತೀರಿ?

ದಾರಿ ಹುಡುಕಿದವಳು ಅವ್ವನೇ. ಅವಳ ತಂದೆ ವಿಜಾಪುರದ ಕಡೆಯ ದನದ ಸಂತೆಯಲ್ಲಿ ಎತ್ತಿನ ದಲಾಲಿ. ಅಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಮೇಲೆ ಒಂದು ವಲ್ಲಿ. ಆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಒತ್ತಿ, ಬಿಟ್ಟು ವ್ಯವಹಾರ ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಜ್ಜನ ಪಕ್ಕದಲ್ಲಿ ಕೂತು ಕಲಿತ ಈ ವಿದ್ಯೆಯನ್ನು ಅವ್ವ ಮನೆಯ ಮಾತಿಗೆ ಹೊಂದಿಸಿದಳು. ತೋರುಬೆರಳು ಒತ್ತಿದರೆ ಹೌದು, ಎರಡು ಬೆರಳು ಒತ್ತಿದರೆ ಅಲ್ಲ, ಮುಷ್ಟಿ ಮುಚ್ಚಿಸಿದರೆ ಸುಮ್ಮನಿರಿ, ಹೆಬ್ಬೆರಳಿನಿಂದ ಉಜ್ಜಿದರೆ ಎಲ್ಲರೂ ನಗುತ್ತಿದ್ದಾರೆ, ನೀವೂ ನಗ್ರಿ. ಉಳಿದದ್ದಕ್ಕೆ ಅಂಗೈ ಮೇಲೆ ಬೆರಳಿನಿಂದ ಕನ್ನಡ ಅಕ್ಷರ ಬರೆಯುವುದು. ಮೂರು ವರ್ಷ ಶಾಲೆಗೆ ಹೋದ ನನ್ನ ಬೆರಳು ಎಲ್ಲರಿಗಿಂತ ಚುರುಕು. ಹೀಗಾಗಿ ಅಪ್ಪ ನಾಲ್ಕು ಜನರಲ್ಲಿ ಕೂತರೆ ಅವರ ಬಲಗೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಅವರ ಹೆಗಲ ವಲ್ಲಿಯನ್ನು ಅದರ ಮೇಲೆ ಎಳೆದುಕೊಂಡು, ಅಪ್ಪನ ಮುದ್ದಿನ ಮಗಳ ಹಾಗೆ ನಾನು ಪಕ್ಕದಲ್ಲೇ ಇರುತ್ತಿದ್ದೆ. ಚಾಳಿನವರು ನನ್ನನ್ನು ಅಪ್ಪನ ಬಾಲ ಅನ್ನುತ್ತಿದ್ದರು.

ಇದರಿಂದ ಒಂದು ವಿಚಿತ್ರವೂ ಆಯಿತು. ಅವ್ವ ಅಪ್ಪನೊಂದಿಗೆ ಜಗಳವಾಡುವುದು ಬೆರಳಿನಿಂದ, ಅಪ್ಪ ಉತ್ತರ ಕೊಡುವುದು ಬಾಯಿಂದ. ತಮ್ಮ ದನಿ ತಮಗೇ ಕೇಳದೆ ಜೋರಾಗಿ. ಗೋಡೆಯಾಚೆ ಅರ್ಧ ಜಗಳ ಮಾತ್ರ ಹೋಗುತ್ತಿತ್ತು. ಒಮ್ಮೆ ಸಕೂಕಾಕು ಲಟ್ಟಣಿಗೆ ಹಿಡಿದುಕೊಂಡೇ ಬಂದಳು.

"ಬಡವಿ ತುಟಿ ಪಿಟ್ಟೆನ್ನದೆ ಕೂತಾಳ, ಅದ್ಯಾಕ ಅಷ್ಟು ಬಯ್ತೀರಿ ಹೆಂಡ್ತಿಗೆ?" ಎಂದು ಮರಾಠಿಯಲ್ಲಿ ಗದರಿಸಿದಳು. ಅವ್ವ ತಲೆ ತಗ್ಗಿಸಿ ಸೆರಗಿನೊಳಗೆ ನಕ್ಕಳು. ಅಪ್ಪನ ಅಂಗೈಗೆ ಆಗಷ್ಟೇ ಉಗುರು ನೆಟ್ಟಿದ್ದವಳು ಅವಳೇ. ಅಪ್ಪ ಮಾತ್ರ, ಕಾಕು ಏನೋ ಕೇಳಲು ಬಂದಿದ್ದಾಳೆಂದು, "ಕೂಡ್ರಿ ಕಾಕೂ, ಚಹಾ ಕುಡದು ಹೋಗ್ರಿ" ಅಂದರು.

ಗಂಗಕ್ಕನಿಗೆ ಆಗ ಹದಿನಾರು, ನನಗೆ ಹನ್ನೆರಡು. ಮೊದಲು ಬಂದ ಎರಡು ವರ ನನ್ನ ಕೈ ಇಲ್ಲದೆ ಕೆಟ್ಟಿದ್ದವು. ಒಂದು ಸಲ ನನಗೆ ಮೈಲಿಬೇನೆ, ಆಚೆ ಖೋಲಿಯಲ್ಲಿಟ್ಟಿದ್ದರು. ವರನ ಕಡೆಯ ಮುದುಕರು, ನಿಮ್ಮ ತಾಯಿಯವರು ಏನಾಗಿ ತೀರಿಕೊಂಡರು ಎಂದು ಕೇಳಿದ್ದಕ್ಕೆ ಅಪ್ಪ, ತಾವು ಊರಿಗೆ ಹೋಗಿಬಂದದ್ದು ಹೇಗಾಯಿತು ಎಂದು ಕೇಳಿರಬೇಕೆಂದುಕೊಂಡು, "ಏನೂ ತ್ರಾಸ ಆಗ್ಲಿಲ್ರಿ, ಭಾಳ ಚೊಲೊ ಆತು" ಅಂದುಬಿಟ್ಟರು. ಬಂದವರು ಚಹಾ ಮುಟ್ಟದೆ ಎದ್ದರು. ತಲೆ ಕೆಟ್ಟ ಮನುಷ್ಯ ಎಂದು ಸುದ್ದಿಯಾಯಿತು. ಇನ್ನೊಂದು ಸಲ ನಾನು ಶಾಲೆಯಲ್ಲಿದ್ದೆ. ಅದನ್ನು ಬರೆಯುವುದು ಬೇಡ. ಹೀಗಾಗಿ ದೌಂಡದಿಂದ ಮೂರನೆಯವರು ಬರುವ ದಿನ ಅವ್ವ ನನ್ನನ್ನು ಅಪ್ಪನ ಬಲಕ್ಕೆ ಕೂರಿಸಿ, ಗಲ್ಲ ಹಿಡಿದು ಹೇಳಿದಳು:

"ಇದು ಕೆಟ್ರ ಅಕ್ಕ ಮನ್ಯಾಗ ಉಳೀತಾಳ. ಹುಷಾರ್."

ದೌಂಡ ಅಪ್ಪನ ಷರತ್ತಿಗೆ ಸರಿಯಾಗಿತ್ತು. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರಬಹುದು. ವರನ ತಂದೆ ರಾಮಣ್ಣ ರೈಲ್ವೆ ಗಾರ್ಡು. ಸೊಲ್ಲಾಪುರದ ಗಾಡಿಗಳಲ್ಲಿ ಹೋಗಿಬಂದು ದನಿ ಎತ್ತರಿಸಿದ ಮನುಷ್ಯ. ಬಾಯಿ ಮುಚ್ಚುವಷ್ಟು ಮೀಸೆ. ಅವ್ವನ ತುಟಿ, ನಮ್ಮ ತುಟಿ ನೋಡಿ ಅಪ್ಪ ಅಷ್ಟಿಷ್ಟು ಹಿಡಿಯುತ್ತಿದ್ದರು, ಆದರೆ ಮೀಸೆಯವರ ಮಾತು ಅವರಿಗೆ ಸಿಗುತ್ತಿರಲಿಲ್ಲ. ಎಲ್ಲವೂ ನನ್ನ ಬೆರಳಿನ ಮೇಲೆಯೇ. ಹುಡುಗ ದೇವೇಂದ್ರ, ಗೋದಾಮಿನ ಗುಮಾಸ್ತ. ಅವಲಕ್ಕಿಯ ತಾಟು ಇಟ್ಟು ಗಂಗಕ್ಕ ಒಳಗೆ ಹೋಗುವಾಗ ಅವನು ತಲೆ ಎತ್ತಿ, "ಹಸಿಮೆಣಸಿನಕಾಯಿ ತೆಗೆದು ಕೊಟ್ಟೀರೇನು, ನನಗ ಬೇಕಿತ್ತು" ಎಂದ. ನನ್ನ ಅಕ್ಕ, ಪಿಸುದನಿಯ ಮನೆಯ ಹುಡುಗಿ, ಫಕ್ಕನೆ ನಕ್ಕುಬಿಟ್ಟಳು. ಪರದೆಯ ಹಿಂದೆ ಹೋದ ಮೇಲೂ ಅವಳ ಬಳೆ ಅಲುಗುತ್ತಿದ್ದವು. ಅವಳಿಗೆ ಅವನು ಬೇಕು ಎಂದು ನನಗೆ ಅಷ್ಟರಲ್ಲೇ ತಿಳಿಯಿತು. ಮುಂದೆ ನಾನೂ ಅಜ್ಜನಂತೆ ದಲಾಲಿಗಿಳಿದು, ಎಷ್ಟೋ ಗಿರಾಕಿಗಳಲ್ಲಿ ಅದೇ ಆಸೆಯನ್ನು ಹುಡುಕಿ ಬದುಕಿದ್ದೇನೆ.

ಮಾತೆಲ್ಲ ಸರಾಗವಾಗಿ ನಡೆಯಿತು. ನಾನು ಬರೆದೆ, ಒತ್ತಿದೆ, ಅಪ್ಪ ಸರಿಯಾಗಿ ಉತ್ತರಿಸಿದರು. ಕೊನೆಗೆ ರಾಮಣ್ಣ ಮೀಸೆ ಒರೆಸಿಕೊಂಡು ಹೇಳಿದರು:

"ಇನ್ನ ಒಂದ ಮಾತು ಉಳದದ ಯಲ್ಲಪ್ಪನವರ. ಹುಡುಗಗ ಬಸ್ರಾದ ರೈಲ್ವೆದಾಗ ಜಾಗಾ ಸಿಕ್ಕದ. ಮೂರು ವರ್ಷದ ಕರಾರು. ಲಗ್ನಾ ಮಾಡಿಕೊಂಡು ಹುಡುಗಿನ್ನೂ ಕರಕೊಂಡು ಹೋಗ್ತಾನ. ಇದಕ್ಕ ನಿಮ್ಮ ಒಪ್ಪಿಗಿ ಅದನೋ ಇಲ್ಲೋ, ಈಗ ಹೇಳಿಬಿಡ್ರಿ."

ನನ್ನ ಬೆರಳು ಅಪ್ಪನ ಅಂಗೈ ಮೇಲೆ ನಿಂತಿತು. ಎಷ್ಟು ಹೊತ್ತು? ಒಂದು ಗುಟುಕು ಚಹಾ ಇಳಿಯುವಷ್ಟು. ಬಸ್ರಾ ಎಂದು ಬರೆದರೆ ಅಪ್ಪ ಎದ್ದು ನಿಲ್ಲುತ್ತಾರೆ, ಅಷ್ಟೇ. ಅಕ್ಕನ ಬಳೆಗಳು ಪರದೆಯ ಹಿಂದೆ ಸ್ತಬ್ಧವಾಗಿವೆ. ಮೂರು ವರ್ಷ ತಾನೆ, ಮೂರು ವರ್ಷ ಏನು ಮಹಾ ಎಂದುಕೊಂಡೆ. ಇಷ್ಟೇ ಆಗಿದ್ದರೆ ಅಕ್ಕನ ಮೇಲಿನ ಮಮತೆ ಎನ್ನಬಹುದಿತ್ತು. ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚಿನದೊಂದು ನನ್ನೊಳಗಿತ್ತು. ನಾನು ಕೂತ ವ್ಯವಹಾರ ಕೆಡಬಾರದು ಎಂಬ ಹಟ. ನಾನು ಬರೆದದ್ದು ಇಷ್ಟು: "ಹುಡುಗಗ ದೊಡ್ಡ ನೌಕರಿ ಸಿಕ್ಕದ. ಒಪ್ಪಿಗಿ ಏನು ಅಂತಾರ." ಆಮೇಲೆ ತೋರುಬೆರಳನ್ನು ಒತ್ತಿದೆ. ಹೌದು ಅನ್ರಿ.

"ಭಾಳ ಸಂತೋಷ ಆತರಿ. ನಮ್ಮ ಪೂರ್ತಿ ಒಪ್ಪಿಗಿ ಅದ" ಅಂದರು ಅಪ್ಪ.

ರಾಮಣ್ಣನ ಕಣ್ಣು ತೇವವಾದವು. "ನೀವು ಅಲ್ಲಿ ಕಷ್ಟಾ ಉಂಡು ಬಂದವ್ರು. ನೀವ ಹೂಂ ಅಂದ ಮ್ಯಾಲೆ ನಮಗ ಇನ್ನೇನು ಚಿಂತಿ? ದೊಡ್ಡ ಮನಸು ನಿಮ್ಮದು!"

ನಾನು ಅಪ್ಪನ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಅಪ್ಪ ನಕ್ಕರು.

ಇಂದಿಗೂ ನನ್ನ ಹತ್ತಿರ ವ್ಯಾಪಾರ ಕಲಿಯಲು ಬಂದ ಹುಡುಗಿಯರಿಗೆ ಒಂದು ಮಾತು ಹೇಳುತ್ತೇನೆ: ನಡುವೆ ಕೂತು ಎರಡು ಕಡೆಯವರನ್ನು ಕೂಡಿಸುವವಳು ಮಾಲಿನ ಗುಣ ಹೆಚ್ಚು ಹೇಳಿದರೆ ಜನ ಕ್ಷಮಿಸುತ್ತಾರೆ, ದೋಷ ಮುಚ್ಚಿದರೆ ಕ್ಷಮಿಸುವುದಿಲ್ಲ. ಮುಚ್ಚಿದ್ದೇ ಆದರೆ ಮೊದಲನೆಯ ದಿನವೇ ಹೋಗಿ ಹೇಳಿಬಿಡಿ. ಎರಡನೆಯ ದಿನಕ್ಕೆ ಅದು ಎರಡರಷ್ಟಾಗಿರುತ್ತದೆ. ನಾನು ಹೇಳಲಿಲ್ಲ. ಹೇಳಬೇಕಾದ ಸಂದರ್ಭವೂ ಬರಲಿಲ್ಲ, ಅದೇ ಸೋಜಿಗ. ಪರದೆಯ ಹಿಂದೆ ಅವ್ವ, ಅಕ್ಕ ಇಬ್ಬರೂ ರಾಮಣ್ಣನ ಮಾತು ಕೇಳಿದ್ದರು, ಅಪ್ಪನ ಒಪ್ಪಿಗೆಯನ್ನೂ ಕೇಳಿದ್ದರು. ಮಗಳಿಗಾಗಿ ಅವರು ತಮ್ಮ ಹಳೆಯ ನೋವನ್ನೇ ನುಂಗಿದರು ಎಂದು ಇಬ್ಬರೂ ತಿಳಿದರು. ಬಸ್ರಾ ಎಂಬ ಶಬ್ದವನ್ನು ಅವರ ಕೈಯಲ್ಲಿ ಬರೆದು ಗಾಯ ಕೆದಕಬಾರದೆಂದು ಇಬ್ಬರೂ ಸುಮ್ಮನಿದ್ದರು. ಮರುದಿನ ಅವ್ವ ಹೋಳಿಗೆ ಮಾಡಿ ಅಪ್ಪನ ತಾಟಿಗೆ ಸುರಿಯುವಷ್ಟು ತುಪ್ಪ ಹಾಕಿದಳು.

"ಯಾಕ ಇಷ್ಟು ತುಪ್ಪ?" ಅಪ್ಪ ಕೇಳಿದರು. ಅವ್ವ ಅವರ ಅಂಗೈಯಲ್ಲಿ ಏನೋ ಬರೆದು ಕಣ್ಣು ಒರೆಸಿಕೊಂಡಳು. ಅಪ್ಪ ನಾಚಿ ನಕ್ಕರು. ದೌಂಡಕ್ಕೆ ಪ್ರತಿ ರವಿವಾರ ಹೋಗಲು ಯಾವ ಗಾಡಿ ಅನುಕೂಲ ಎಂದು ಮೊದಲೇ ವಿಚಾರಿಸಿಕೊಂಡು ಬಂದಿದ್ದರು. ಪೇರಲ ಹಣ್ಣು ಒಯ್ಯಬೇಕು, ಗಂಗಿಗೆ ಪೇರಲ ಇಷ್ಟ ಎಂದು, ಅವ್ವ, ಅಕ್ಕ ನೀರಿಗೆ ಹೋದಾಗ ನನ್ನೊಬ್ಬಳಿಗೆ ಹೇಳಿದರು. ನನ್ನ ಹೋಳಿಗೆಯನ್ನು ಮಡಚಿ ಅಕ್ಕನ ತಾಟಿಗಿಟ್ಟೆ.

ಲಗ್ನಕ್ಕೆ ತಿಂಗಳಿದ್ದಾಗ, ಒಂದು ರವಿವಾರ ಬೆಳಿಗ್ಗೆ, ದೌಂಡದಿಂದ ಹೊಸ ಟ್ರಂಕು ಬಂತು. ಭಾವೀ ಮಾವನ ಕೈಯ ಅಕ್ಷರ ಚೆಂದ ಎಂದು ಕೇಳಿ ಹುಡುಗ ತನ್ನ ಹೆಸರು ಬರೆಸಲು ಕಳಿಸಿದ್ದ. ಜೊತೆಗೆ ಇಂಗ್ಲಿಷಿನಲ್ಲಿ ಬರೆದ ಚೀಟಿ. ಅಪ್ಪ ಹಿಗ್ಗಿ ಹೋದರು. ಅಂಗಳದಲ್ಲಿ ಟ್ರಂಕು ಇಟ್ಟು, ಅಚ್ಚುಗಳ ಚೀಲ ಬಿಚ್ಚಿ, ಬಿಳಿ ಬಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅಚ್ಚು ಹೊಡೆಯುವವರದು ಒಂದು ರೀತಿ ಇದೆ. ಅವರು ಶಬ್ದ ಓದುವುದಿಲ್ಲ. ಒಂದೊಂದೇ ಅಕ್ಷರ ನೋಡುತ್ತಾರೆ, ಅದರ ತಗಡು ಹುಡುಕುತ್ತಾರೆ, ಅಳತೆ ಹಿಡಿಯುತ್ತಾರೆ, ಸವರುತ್ತಾರೆ. ಓದುತ್ತಾ ಹೋದರೆ ಸಾಲು ಸೊಟ್ಟಾಗುತ್ತದಂತೆ. ಹೀಗೆ ಅಪ್ಪ ಹುಡುಗನ ಹೆಸರು ಮುಗಿಸಿ, ಕೆಳಗಿನ ಸಾಲನ್ನೂ ಒಂದೊಂದೇ ಅಕ್ಷರವಾಗಿ ಹೊಡೆದು ಮುಗಿಸಿದರು. ಚೆಂದ ಬಂತೋ ಇಲ್ಲವೋ ನೋಡಲೆಂದು ಎರಡು ಹೆಜ್ಜೆ ಹಿಂದೆ ಸರಿದರು. ಆಗ ಓದಿದರು.

ಬಗ್ಗಿ ಚೀಟಿ ತೆಗೆದುಕೊಂಡು ಅದರೊಂದಿಗೆ ತಾಳೆ ನೋಡಿದರು. ಆಮೇಲೆ, "ಈ ಊರು ಇಲ್ಲಿ ಯಾಕ ಬಂತು?" ಅಂದರು.

ಅವ್ವ ಹೊರಗೆ ಬಂದಳು. ನೋಡಿದಳು. ನನ್ನ ನೆನಪಿನಲ್ಲಿ ಮೊದಲ ಸಲ ಅವಳು ಕೂಗಿದಳು, ಇಡೀ ಚಾಳು ಕೇಳುವ ಹಾಗೆ:

"ನೀವ ಹೂಂ ಅಂದೀರಲ್ಲ! ಹುಡುಗ ಬಸ್ರಾಕ್ಕ ಹೋಗ್ತಾನ, ಗಂಗಿನ್ನ ಕರಕೊಂಡು ಹೋಗ್ತಾನ ಅಂತ ಅವರು ಹೇಳಿದಾಗ ನೀವ ಒಪ್ಪೀರಿ!"

ಅಪ್ಪನಿಗೆ ಅವಳ ತುಟಿಯಿಂದ ಎಲ್ಲ ಸಿಕ್ಕಿತು. ನನ್ನ ಕಡೆ ತಿರುಗಿದರು.

"ಆವತ್ತ ನನ್ನ ಕೈಯಾಗ ನೀ ಏನು ಬರದಿ?"

ನಾನು ಡಬ್ಬಿ ಕೆಳಗಿಟ್ಟು ಬಾಯಿಂದ ಹೇಳಿದೆ. ಅವರು ನನ್ನ ತುಟಿ ನೋಡುತ್ತಾ ಕೇಳಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಬಲಗೈಯ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಅದರಲ್ಲಿ ಬಣ್ಣವೇನೂ ಇರಲಿಲ್ಲ.

ಮರುದಿನ ರಜೆ ಹಾಕಿ ದೌಂಡಕ್ಕೆ ಹೊರಟರು. ಅಲ್ಲಿ ಕಿವಿ ಬೇಕಲ್ಲ, ನನ್ನನ್ನೂ ಕರೆದುಕೊಂಡರು. ಗಾಡಿಯಲ್ಲಿ ನನ್ನನ್ನು ತಮ್ಮ ಎಡಕ್ಕೆ ಕೂರಿಸಿದರು. ಕಬ್ಬಿನ ಹೊಲಗಳು ಹಿಂದೆ ಹೋಗುತ್ತಿದ್ದವು. ನಾನು ಎರಡು ಸಲ ಅವರ ತೋಳು ಮುಟ್ಟಿದೆ, ಅವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. ರಾಮಣ್ಣನ ಪಡಸಾಲೆಯಲ್ಲಿ ಕೂತ ಮೇಲೆ ಮಾತ್ರ ಬಲಗೈ ಚಾಚಿದರು. ವಲ್ಲಿ ಹೊದಿಸಲು ಹೋದೆ, ತೆಗೆದು ಪಕ್ಕಕ್ಕಿಟ್ಟರು.

"ಮುಚ್ಚೂದು ಬ್ಯಾಡ. ಅವರು ಅಂದದ್ದೆಲ್ಲಾ ಬರಿ. ಒಂದು ಮಾತು ಬಿಟ್ರ ನನಗ ತಿಳೀತದ."

ಆಮೇಲೆ ರಾಮಣ್ಣನಿಗೆ ನೇರವಾಗಿ ಹೇಳಿದರು. ತಮಗೆ ಕಿವಿ ಕೇಳುವುದಿಲ್ಲ, ಬಸ್ರಾದ ಮಾತು ತಮಗೆ ಮುಟ್ಟಿರಲಿಲ್ಲ, ಒಪ್ಪಿಗೆ ತಿಳಿದು ಕೊಟ್ಟದ್ದಲ್ಲ. ಮಗಳನ್ನು ಅಷ್ಟು ದೂರ ಕಳಿಸುವ ಎದೆ ತಮಗಿಲ್ಲ. ದೇವೇಂದ್ರ ಬಾಗಿಲಲ್ಲಿ ನಿಂತಿದ್ದ, ಮುಖ ಬಿಳುಪೇರಿತ್ತು. ಅಪ್ಪನಿಗೆ ಕಿವಿ ಇಲ್ಲವೆಂಬುದನ್ನು ಕೇಳಿ ರಾಮಣ್ಣ ಸಿಡಿಯುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಿದ್ದೇ ಬೇರೆ.

"ನಿಮಗ ಕಿವಿ ಕೇಳ್ಸಂಗಿಲ್ಲ ಅಂತ ನಮಗ ಗೊತ್ತಿತ್ತು ಯಲ್ಲಪ್ಪನವರ. ಖಡಕಿ ಸ್ಟೇಶನ್ನಿನಾಗ ಯಾರನ್ನ ಕೇಳಿದ್ರೂ ಹೇಳ್ತಾರ. ತೋಪಿನಿಂದ ಹೋದದ್ದು, ಅದರಾಗ ನಾಚಿಕಿ ಏನದ? ಸಣ್ಣ ಮಗಳು ಕೈಯಾಗ ಬರದು ತಿಳಸ್ತಾಳ, ಎಷ್ಟು ಚೊಲೊ ಮನಿತನ ಅಂತ ನಮ್ಮಾಕಿ ಹೊಗಳಿದ್ಲು. ಕಿವುಡನ ಮನಿ ಅಂತ ತಿಳಿದ ಬಂದೀವಿ. ಸುಳ್ಳರ ಮನಿ ಅಂತ ತಿಳೀಲಿಲ್ಲ."

ಎಲ್ಲವನ್ನೂ ಬರೆಯಬೇಕಿತ್ತು. ಬರೆದೆ. ಎಲ್ಲರಿಗೂ ಗೊತ್ತಿತ್ತು ಎಂಬುದನ್ನು ಬರೆದೆ. ಅವರ ಮನೆಯಾಕೆ ಹೊಗಳಿದ್ದನ್ನು ಬರೆದೆ. ಕೊನೆಯ ಮಾತಿಗೆ ಬಂದಾಗ ನನ್ನ ಬೆರಳು ಬೆವರಿ ಜಾರಿತು. ಒ‍ರೆಸಿಕೊಂಡು ಮತ್ತೆ ಬರೆದೆ. ಸು, ಳ್ಳ, ರ. ಅವರು ಎದ್ದು ನಿಂತರು.

"ಸುಳ್ಳು ಈಕಿದಲ್ಲ. ಹನ್ನೆರಡು ವರ್ಷದ ಹುಡುಗಿ ಹೆಗಲ ಮ್ಯಾಲೆ ಮನಿ ಗುಟ್ಟು ಹೊರಸಿದಾಂವ ನಾನು. ಬೈಯೂದಿದ್ರ ನನಗ ಬೈರಿ."

"ಟ್ರಂಕು ಕಳಿಸಿಕೊಡ್ರಿ," ರಾಮಣ್ಣ ಅಂದರು. ಅದನ್ನೂ ಬರೆದೆ.

ಮನೆಗೆ ಬಂದಾಗ ನಮ್ಮ ಮುಖವೇ ಗಂಗಕ್ಕನಿಗೆ ಎಲ್ಲ ಹೇಳಿತ್ತು. ಎರಡು ದಿನದ ಮೇಲೆ, ಪಾತ್ರೆ ತಿಕ್ಕುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ನೀ ಹೇಳದ ಕೆಡಿಸಿದಿ, ಅಪ್ಪ ಹೇಳಿ ಕೆಡಿಸಿದ್ರು. ನಡುವ ಹೋದದ್ದು ನಂದು."

ಆಮೇಲೆ ಅವಳು ಮಾತು ನಿಲ್ಲಿಸಿದಳು. ಅಪ್ಪ ಪೇಟೆಯಿಂದ ಒಂದು ಪಾಟಿ, ಬಳಪದ ಕಡ್ಡಿ ತಂದು ಬಾಗಿಲಿನ ಮೊಳೆಗೆ ತೂಗುಹಾಕಿದರು. ಸಂಜೆ ಅಂಗಳದಲ್ಲಿ ನಿಂತು ಚಾಳಿನವರಿಗೆಲ್ಲ ಕೇಳುವಂತೆ ಹೇಳಿದರು: ನನಗೆ ಕಿವಿ ಕೇಳುವುದಿಲ್ಲ, ಮುಖ ನೋಡಿ ಮಾತಾಡಿ, ಇಲ್ಲವಾದರೆ ಪಾಟಿಯ ಮೇಲೆ ಬರೆಯಿರಿ. ಸಕೂಕಾಕು ಬಾಯಿಗೆ ಸೆರಗಿಟ್ಟು, "ಇದೇನು ಹೊಸಾ ಸುದ್ದಿ?" ಎಂದಳು. ಕಾರಖಾನೆಯ ಮಿಸ್ತ್ರಿಗೂ ಹೇಳಿಬಂದರು. ಭೋಂಗಾ ಆದಾಗ ಪಕ್ಕದವನು ಭುಜ ತಟ್ಟುತ್ತಾನೆ, ಎಷ್ಟೋ ವರ್ಷದಿಂದ ತಟ್ಟುತ್ತಲೇ ಇದ್ದಾನಲ್ಲ, ಎಂದನಂತೆ ಅವನು. ಇಷ್ಟು ವರ್ಷ ನಾವು ಪಿಸುಗುಟ್ಟಿದ್ದು ಯಾರಿಗಾಗಿ ಎಂದು ಅವ್ವ ಒಲೆಯ ಮುಂದೆ ಕೂತು ಅತ್ತಳು. ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ. ಅಪ್ಪನ ಕೈ ನನ್ನ ಮಡಿಲಿಗೆ ಬರಲಿಲ್ಲ.

ಹತ್ತು ದಿನ ಕಳೆದವು. ಗಂಗಕ್ಕ ತುತ್ತು ಎಣಿಸಿದಂತೆ ಉಣ್ಣುತ್ತಿದ್ದಳು. ಒಂದು ಮುಂಜಾನೆ ಅಪ್ಪ ಅವಳ ಮುಂದೆ ಕೂತರು.

"ಗಂಗೀ, ನನ್ನ ಹೆದರಿಕಿ ಬದಿಗಿಡು. ನಿನಗ ಏನು ಬೇಕು?"

ಅವಳು ಪಾಟಿ ತೆಗೆದುಕೊಳ್ಳಲಿಲ್ಲ. ಅವರ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ, ಜೋರಾಗಿ ಹೇಳಿದಳು:

"ನನಗ ಹೋಗಬೇಕು ಅಪ್ಪಾ. ಈ ಮನ್ಯಾಗ ನಾ ಗಟ್ಟಿಯಾಗಿ ನಕ್ಕದ್ದ ಇಲ್ಲ. ಅವತ್ತು ನಕ್ಕೆ. ಬಸ್ರಾ ಆಗ್ಲಿ, ಮತ್ತೊಂದ ಆಗ್ಲಿ."

ಅಪ್ಪ ತಲೆಗೆ ಪಟಕಾ ಸುತ್ತಿಕೊಂಡು, ಪಾಟಿಯನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರೇ ದೌಂಡದ ಗಾಡಿ ಹತ್ತಿದರು. ಜಗತ್ತಿನಲ್ಲಿ ತಾವು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದ ಊರಿಗೆ ಮಗಳನ್ನು ಕಳಿಸಿಕೊಡುತ್ತೇನೆಂದು ಬೇಡಿಕೊಳ್ಳಲು ಹೋದರು. ಸಂಜೆ ನಾನು ಯಾರೂ ಹೇಳದೆ ಖಡಕಿ ಸ್ಟೇಶನ್ನಿಗೆ ಹೋಗಿ ನಿಂತೆ. ಅಪ್ಪ ಇಳಿದರು, ನನ್ನನ್ನು ನೋಡಿದರು, ಬೆಂಚಿನ ಮೇಲೆ ಕೂತರು. ಹದಿನೈದು ದಿನಗಳ ಮೇಲೆ ನನ್ನೊಡನೆ ಮಾತಾಡಿದರು.

"ಒಪ್ಯಾರ. ಹುಡುಗ ಹಟಾ ಹಿಡದಿದ್ದ. ಆದ್ರ ಹುಡುಗನ ತಾಯಿದು ಒಂದು ಮಾತು ಅದ. ಲಗ್ನದಾಗ ಕಳಸ ಹಿಡಿಯೂದು ನೀನಲ್ಲ. ಲಗ್ನಕ್ಕ ನೀ ಬರೂದೂ ಬ್ಯಾಡಂತ. ಆ ಹುಡುಗಿ ಮುಖಾ ನಮ್ಮ ಹಂದರದಾಗ ಬ್ಯಾಡ ಅಂತ ಪಾಟಿ ಮ್ಯಾಲೆ ಬರಸ್ಯಾಳ."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನಾ ಹೂಂ ಅಂದಿಲ್ಲ. ಉಹೂಂನೂ ಅಂದಿಲ್ಲ. ನೀವಿಬ್ರೂ ನನ್ನ ಮಕ್ಕಳ. ಲಗ್ನಾ ಆಕಿದು, ಆಕಿನ ಹೇಳ್ಲಿ. ನೀ ಹೋಗು, ಪೂರ್ತಿ ಹೇಳು, ಆಕಿ ಏನಂತಾಳ ಕೇಳ್ಕೊಂಡು ಬಾ. ನಾ ಇಲ್ಲೇ ಕೂತಿರ್ತೀನಿ."

ಸ್ಟೇಶನ್ನಿನಿಂದ ಚಾಳಿಗೆ ಓಡಿದೆ. ಓಡುವಾಗ ತಲೆ ತನ್ನ ಕೆಲಸ ಮಾಡುತ್ತಿತ್ತು. ಅದು ಈಗಲೂ ಹಾಗೇ. ಒಪ್ಪಿದರು ಎಂದಷ್ಟೇ ಹೇಳಿದರೆ? ಅಕ್ಕ ತಬ್ಬಿಕೊಳ್ಳುತ್ತಾಳೆ. ಉಳಿದದ್ದನ್ನು ಅವ್ವನ ಬಾಯಿಂದ ನಿಧಾನ ಹೇಳಿಸಬಹುದು. ಅಥವಾ ಮೊದಲು ಅವಳನ್ನು ಅಳಿಸಿ, ತಂಗಿ ಇಲ್ಲದೆ ಹೇಗೆ ಲಗ್ನ ಎಂದು ಅವಳೇ ಅನ್ನುವಂತೆ ಮಾಡಬಹುದು. ಒಂದು ಮಾತನ್ನು ಎಷ್ಟು ಬಗೆಯಲ್ಲಿ ಇಡಬಹುದು ಎಂದು ನನಗೆ ಹನ್ನೆರಡಕ್ಕೇ ಗೊತ್ತಿತ್ತು. ಗಂಗಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ನಾನು ಅವಳೆದುರು ಕೂತು ಲಗ್ನಕ್ಕೆ ನಾನು ಬರಬಾರದಂತೆ ಎಂಬ ಮಾತನ್ನೇ ಮೊದಲು ಹೇಳಿದೆ. ಆಮೇಲೆ, ಒಪ್ಪಿದ್ದಾರೆ ಅಂದೆ.

ಅವಳು ಒಂದು ಹರಳು ಆರಿಸಿ ಹೊರಗೆಸೆದಳು. ನನ್ನನ್ನು ನೋಡಿದಳು.

"ಹೂಂ ಅಂತ ಹೇಳು," ಅಂದಳು.

ತಿರುಗಿ ಓಡಿ ಅಪ್ಪನ ಮುಂದೆ ನಿಂತು ಅದನ್ನೇ ಹೇಳಿದೆ. ಅವರು ಪಟಕಾ ತೆಗೆದು ಮುಖ ಒರೆಸಿಕೊಂಡರು. ಜೊತೆಯಾಗಿ ನಡೆದು ಮನೆಗೆ ಬಂದೆವು. ಯಾವ ಬದಿಗೆ ನಡೆದೆನೆಂದು ನೆನಪಿಲ್ಲ.

ಲಗ್ನ ದೌಂಡದಲ್ಲಾಯಿತು. ಬೆಳಗಿನ ಗಾಡಿಗೆ ಎಲ್ಲರೂ ಹೊರಟರು. ಸಣ್ಣವಳಿಗೆ ಜ್ವರ ಬಂದಿದೆ ಎಂದು ಅವ್ವ ಹಿಂದಿನ ದಿನವೇ ಚಾಳಿನಲ್ಲಿ ಹೇಳಿಟ್ಟಿದ್ದಳು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಗಂಗಕ್ಕ ಹೊಸ ಇಳಕಲ್ ಸೀರೆಯಲ್ಲಿ ಹೊಸ್ತಿಲು ದಾಟುವಾಗ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು, ಮುಂದೆ ಹೋದಳು. ಮಧ್ಯಾಹ್ನ ಅಕ್ಷತೆಯ ಹೊತ್ತಿಗೆ ಸಕೂಕಾಕು ಬಿಸಿ ಗಂಜಿಯ ಬಟ್ಟಲು ಹಿಡಿದು ಬಂದಳು. ನನ್ನ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು.

"ಮೈ ತಣ್ಣಗದ. ಜ್ವರಾ ಎಲ್ಲದ ಪೋರಿ?" ಎಂದು ಮರಾಠಿಯಲ್ಲಿ ಕೇಳಿದಳು.

"ಜ್ವರ ಇಲ್ಲ ಕಾಕೂ," ಎಂದೆ. ಅವಳು ಬಟ್ಟಲು ಕೆಳಗಿಟ್ಟು ಕೂತಳು. ರಾಮಣ್ಣನವರು ಅವಲಕ್ಕಿ ತಿನ್ನಲು ಬಂದ ದಿನದಿಂದ ಹಿಡಿದು ಒಂದೂ ಬಿಡದೆ ಹೇಳಿದೆ, ಗೋಡೆಯಾಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. ನಡುವೆ ಅವಳು ಎರಡು ಸಲ, ಸಾಕು ಮಗಳೇ, ಗಂಜಿ ಆರುತ್ತದೆ ಎಂದಳು. ಗಂಜಿ ಆರಿತು. ನಾನು ನಿಲ್ಲಿಸಲಿಲ್ಲ.